ಊಟ ಆದ ಮೇಲೆ ಕಮರಿಗೆ ಇಳಿಸಬೇಡಿ: ಬೆಂಗಳೂರಿನ ಟೂರ್ ಆಯೋಜಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಟೂರ್ ಮತ್ತು ಟ್ರೆಕ್ಕಿಂಗ್ ಆಯೋಜಕರಿಗೆ,

ನಮಸ್ಕಾರ.

ಯುರೋಪ್ ಟೂರ್ ಅಂದರೆ ಪ್ಯಾರಿಸ್, ರೋಮ್, ಸ್ವಿಟ್ಜರ್‌ಲೆಂಡ್ ಅಂತಿದ್ದ ಕಾಲ ಹೋಯಿತು. ಈಗ ನಿಮ್ಮ ಪಟ್ಟಿಗಳಲ್ಲಿ ಸ್ಲೊವೇನಿಯಾದ ವಿಂಟ್ಗರ್ ಇದೆ, ಫ್ರಾನ್ಸಿನ ವೆರ್ದೊಂ ಇದೆ, ಗ್ರೀಸಿನ ಸಮರಿಯಾ ಇದೆ. ದೇಶದೊಳಗೆ ಮೇಘಾಲಯ. ವಾರಾಂತ್ಯಕ್ಕೆ ಯಾಣ. ಗಮನಿಸಿದ್ದೀರೋ ಇಲ್ಲವೋ, ಇವೆಲ್ಲ ಸುಣ್ಣಕಲ್ಲು ಇರುವ ಜಾಗಗಳು. ಬೆಟ್ಟದ ಹೊಳೆ ಸುಣ್ಣಕಲ್ಲನ್ನು ಸೀಳಿಕೊಂಡು ಹೋದ ಕಮರಿಗಳನ್ನು ನೋಡಲು ನಮ್ಮ ಜನ ಸಾಲ ಮಾಡಿ, ವೀಸಾಕ್ಕೆ ಕ್ಯೂ ನಿಂತು ಹೋಗುತ್ತಿದ್ದಾರೆ ಅಂದರೆ ನನಗೆ ಖುಷಿಯೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಸುಣ್ಣಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಅಂತ ಬೋರ್ಡಿನ ಮೇಲೆ ಬರೆದದ್ದನ್ನು ಜನ ಕಣ್ಣಾರೆ ನೋಡಿ ಬಂದರೆ ಯಾವ ಟೀಚರಿಗೆ ಬೇಜಾರು?

ಆದರೆ ಒಂದು ವಿಷಯಕ್ಕೆ ನಿಮ್ಮ ಜೊತೆ ಜಗಳ ಇದೆ. ನೀವು ಕಮರಿಯನ್ನು ಬಸ್ಸಿನ ಟೈಮಿಗೆ ತೋರಿಸುತ್ತೀರಿ. ಅದನ್ನು ನೋಡಬೇಕಾದದ್ದು ನೀರಿನ ಟೈಮಿಗೆ.

ನಿಮ್ಮ ಕಾರ್ಯಕ್ರಮದ ಹಾಳೆ ತೆಗೆದು ನೋಡಿ. ಬೆಳಿಗ್ಗೆ ಸರೋವರ, ದೋಣಿ, ಫೋಟೋ. ಮಧ್ಯಾಹ್ನ ಇಂಡಿಯನ್ ಊಟ. ಊಟ ಆದ ಮೇಲೆ 'ಗಾರ್ಜ್ ವಿಸಿಟ್, 45 ನಿಮಿಷ'. ಸಂಜೆ ಶಾಪಿಂಗ್. ಯಾವ ಕಂಪನಿಯ ಹಾಳೆ ತೆಗೆದರೂ ಹೆಚ್ಚುಕಮ್ಮಿ ಇದೇ ಕ್ರಮ. ಊಟಕ್ಕೂ ಶಾಪಿಂಗಿಗೂ ನಡುವೆ ಒಂದು ಸಂದು ಸಿಕ್ಕಿತು, ಅಲ್ಲಿ ಕಮರಿಯನ್ನು ತುರುಕಿದಿರಿ.

ನಾನು ಹೋದ ಒಂದು ಗುಂಪಿನ ವಿಷಯ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಆಲ್ಪ್ಸ್ ಬೆಟ್ಟಗಳ ಒಂದು ಕಮರಿ. ಬಸ್ಸು ನಮ್ಮನ್ನು ಇಳಿಸಿದಾಗ ಮೂರು ಗಂಟೆ ದಾಟಿತ್ತು. ಅರ್ಧ ಜನ ಚಪ್ಪಲಿಯಲ್ಲಿದ್ದರು, ಯಾಕೆಂದರೆ 'ಸುಮ್ನೆ ಹತ್ತು ನಿಮಿಷದ ನಡಿಗೆ' ಅಂತ ಹೇಳಿದ್ದರು. ಬೆಟ್ಟದ ತುದಿಯಲ್ಲಿ ಕರಿ ಮೋಡ ಕಟ್ಟಿತ್ತು, ನಾವು ನಿಂತ ಕಡೆ ಬಿಸಿಲು. ಗೇಟಿನಲ್ಲಿದ್ದ ಹುಡುಗಿ ಮೋಡ ನೋಡಿದಳು, ಫೋನಿನಲ್ಲಿ ಯಾರನ್ನೋ ಕೇಳಿದಳು, ಇವತ್ತಿಗೆ ಮುಚ್ಚಿದೆ ಅಂದಳು. ನಮ್ಮ ಟೂರ್ ಮ್ಯಾನೇಜರ್ ಅವಳ ಜೊತೆ ವಾದಕ್ಕೆ ನಿಂತ. ಬೆಂಗಳೂರಿನಿಂದ ಬಂದಿದ್ದೇವೆ, ದುಡ್ಡು ಕಟ್ಟಿದ್ದೇವೆ, ಹತ್ತೇ ನಿಮಿಷ ಬಿಡಿ. ಹಿಂದಿನಿಂದ ನಮ್ಮವರೂ ದನಿ ಸೇರಿಸಿದರು. ಅವಳು ಜಗ್ಗಲಿಲ್ಲ. ಬಸ್ಸು ಹೊರಟು ಸೇತುವೆ ದಾಟುವಾಗ ಕೆಳಗಿನ ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿದ ಮೇಲೂ ಬಸ್ಸಿನಲ್ಲಿ ಬೈಗುಳ ತಿಂದವಳು ಆ ಗೇಟಿನ ಹುಡುಗಿಯೇ.

ಮ್ಯಾನೇಜರ್ ಹುಡುಗ ಕೆಟ್ಟವನಲ್ಲ. ಯಾರಿಗೆ ಈರುಳ್ಳಿ ಇಲ್ಲದ ಊಟ, ಯಾರಿಗೆ ಕಿಟಕಿ ಸೀಟು, ಯಾರ ಅಜ್ಜಿಗೆ ಯಾವ ಮಾತ್ರೆ, ಎಲ್ಲ ಅವನಿಗೆ ಬಾಯಿಪಾಠ. ಆ ದಿನದ ಹವಾಮಾನ ಏನು ಅಂತ ಮಾತ್ರ ಅವನು ನೋಡಿರಲಿಲ್ಲ. ನೋಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನೀವು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ.

ಬೆಂಗಳೂರಿನವರು ಗಟ್ಟಿ ಕಲ್ಲಿನ ಮೇಲೆ ಬೆಳೆದವರು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಂದಿ, ಸಾವನದುರ್ಗ, ಶಿವಗಂಗೆ, ರಾಮನಗರ, ನಾವು ಹತ್ತಿ ಇಳಿದು ಕಲಿತದ್ದೆಲ್ಲ ಇಂಥ ಬಂಡೆಗಳ ಮೇಲೆ. ಅಲ್ಲಿ ಮಳೆ ಬಂದರೆ ನೀರು ಕಣ್ಣೆದುರಿಗೇ ಹರಿದು ಹೋಗುತ್ತದೆ. ಎಲ್ಲಿ ಮಳೆಯೋ ಅಲ್ಲೇ ನೀರು. ಮಳೆ ಇಲ್ಲ ಅಂದರೆ ಬಂಡೆ ಒಣ.

ಸುಣ್ಣಕಲ್ಲು ಹಾಗಲ್ಲ. ನಿಮ್ಮ ಮನೆಯ ಅಡುಗೆಕಟ್ಟೆಗೆ ಕಡಪ ಕಲ್ಲು ಹಾಕಿಸಿದ್ದರೆ ಹಿಂಡಿದ ನಿಂಬೆಹೋಳನ್ನು ಅದರ ಮೇಲೆ ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ಅಲ್ಲೊಂದು ಬಿಳಿಚಿದ ಕಲೆ ಇರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಕರಗುತ್ತದೆ. ಮಳೆನೀರೂ ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಆ ನೀರು ಕಲ್ಲಿನ ಬಿರುಕಿಗೆ ಇಳಿದು, ಬಿರುಕನ್ನು ಕೊಳವೆ ಮಾಡಿ, ಕೊಳವೆಯನ್ನು ಗವಿ ಮಾಡುತ್ತದೆ. ಲಕ್ಷಗಟ್ಟಲೆ ವರ್ಷದ ಕೆಲಸ. ಇತ್ತ ಬೆಟ್ಟ ಮೇಲೇಳುತ್ತಿರುತ್ತದೆ, ಅತ್ತ ಹೊಳೆ ಕೆಳಕ್ಕೆ ಕೊರೆಯುತ್ತಿರುತ್ತದೆ. ಸುಣ್ಣಕಲ್ಲು ನೀರಿಗೆ ಕರಗಿದರೂ ಮಣ್ಣಿನ ಹಾಗೆ ಕುಸಿಯುವುದಿಲ್ಲ. ಗೋಡೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಈ ಕಮರಿಗಳು ಇಷ್ಟು ಆಳ, ಇಷ್ಟು ಕಿರಿದು. ವೆರ್ದೊಂ ಕಮರಿಯ ಉದ್ದ ಸುಮಾರು 25 ಕಿಲೋಮೀಟರ್, ಆಳ ಕೆಲವು ಕಡೆ 700 ಮೀಟರ್. ನಂದಿ ಬೆಟ್ಟ ತನ್ನ ಸುತ್ತಲಿನ ಬಯಲಿನಿಂದ ಅಷ್ಟು ಎತ್ತರ ಇಲ್ಲ.

ಈಗ ಅಸಲು ಮಾತಿಗೆ ಬರುತ್ತೇನೆ. ಇಂಥ ಬೆಟ್ಟದ ಮೇಲೆ ಬಿದ್ದ ಮಳೆ ಎಲ್ಲೆಲ್ಲೋ ಒಳಗಿಳಿದು, ನೆಲದ ಕೆಳಗೇ ಓಡಿ, ಇನ್ನೆಲ್ಲೋ ಬುಗ್ಗೆಯಾಗಿ ಹೊಳೆಗೆ ಸೇರಬಹುದು. ಮೇಲಿನ ಕಣಿವೆಯಲ್ಲಿ ಗುಡುಗು ಮಳೆ ಹೊಡೆಯುತ್ತಿದ್ದರೆ ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ತಲೆಯ ಮೇಲೆ ನೀಲಿ ಆಕಾಶದ ಒಂದು ಪಟ್ಟಿ ಕಾಣುತ್ತಿರುತ್ತದೆ, ಅಷ್ಟೆ. ಕಮರಿ ಕಿರಿದಾದಷ್ಟೂ ನೀರು ಬೇಗ ಏರುತ್ತದೆ. ಬಯಲಿನಲ್ಲಾದರೆ ಹರಡಿಕೊಳ್ಳಲು ಜಾಗ ಇರುತ್ತದೆ. ಇಲ್ಲಿ ಇರುವ ದಾರಿ ಒಂದೇ, ಮೇಲಕ್ಕೆ.

ಇದು ಹೆದರಿಸಲು ಹೇಳುವ ಮಾತಲ್ಲ. 2018ರ ಆಗಸ್ಟ್ 20ರಂದು ದಕ್ಷಿಣ ಇಟಲಿಯ ಕಲಾಬ್ರಿಯದಲ್ಲಿ, ಪೊಲ್ಲಿನೋ ರಾಷ್ಟ್ರೀಯ ಉದ್ಯಾನದ ರಗಾನೆಲ್ಲೋ ಕಮರಿಯಲ್ಲಿ ಜನ ನಡೆಯುತ್ತಿದ್ದರು. ಅದೂ ಸುಣ್ಣಕಲ್ಲಿನ ಕಮರಿ. ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗಿ ಬಂತು. 10 ಜನ ಸತ್ತರು.

ಇನ್ನೊಂದು ಪ್ರಕರಣ ನೇರವಾಗಿ ನಿಮ್ಮ ವೃತ್ತಿಗೆ ಸೇರಿದ್ದು. 1999ರ ಜುಲೈ 27ರಂದು ಸ್ವಿಟ್ಜರ್‌ಲೆಂಡಿನ ಇಂಟರ್‌ಲಾಕನ್ ಹತ್ತಿರದ ಸಾಕ್ಸೆಟನ್ ಹೊಳೆಯ ಕಮರಿಯಲ್ಲಿ 21 ಜನ ಕೊಚ್ಚಿಹೋದರು. ಅವರಲ್ಲಿ ಮೂವರು ಗೈಡುಗಳು. ಕಾರಣ ಮತ್ತೆ ಅದೇ, ಮಧ್ಯಾಹ್ನದ ನಂತರದ ಗುಡುಗು ಮಳೆ. ದೇವರ ಇಚ್ಛೆ ಅಂತ ಅಲ್ಲಿ ಕೈ ತೊಳೆದುಕೊಳ್ಳಲಿಲ್ಲ. 2001ರಲ್ಲಿ ಆ ಸಾಹಸ ಪ್ರವಾಸ ಕಂಪನಿಯ ಆರು ಜನರಿಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಬೆಟ್ಟದಲ್ಲಿ ಜನರನ್ನು ಕರೆದುಕೊಂಡು ಹೋಗುವವರಿಗೆ ಪರವಾನಗಿ ಬೇಕು, ವಿಮೆ ಬೇಕು ಅನ್ನುವ ಕಾನೂನನ್ನು ಸ್ವಿಸ್ ಸಂಸತ್ತು 2010ರಲ್ಲಿ ಮಾಡಿತು, 2014ರಲ್ಲಿ ಅದು ಜಾರಿಗೆ ಬಂತು. ನೀವು ವರ್ಷ ವರ್ಷ ಇಂಟರ್‌ಲಾಕನ್ನಿಗೆ ಬಸ್ಸು ಕಳಿಸುವವರು. ನಿಮ್ಮ ಮ್ಯಾನೇಜರುಗಳಿಗೆ ಈ ಕಥೆ ಹೇಳಿದ್ದೀರಾ?

ಆಲ್ಪ್ಸ್‌ನಲ್ಲಿ ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಬಿಸಿಲಿಗೆ ಕಣಿವೆಯ ಗಾಳಿ ಕಾದು ಬೆಟ್ಟದ ಮೇಲೇರಿ, ಅಲ್ಲಿ ಮೋಡವಾಗಿ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಸುರಿಯುತ್ತದೆ. ಅಲ್ಲಿಯ ಬೆಟ್ಟದವರು ಮುಂಜಾನೆ ಹೊರಟು ಮಧ್ಯಾಹ್ನಕ್ಕೆ ವಾಪಸ್ ಬರುವುದು ಇದೇ ಕಾರಣಕ್ಕೆ. ನೀವು ನಮ್ಮನ್ನು ಅನ್ನ ಸಾರು ಉಣ್ಣಿಸಿ, ಸರಿಯಾಗಿ ಆ ಹೊತ್ತಿಗೆ ಕಮರಿಯ ಬಾಯಿಗೆ ತಂದು ಬಿಡುತ್ತೀರಿ. ನನ್ನ ಮೊದಲ ಬೇಡಿಕೆ ಇದು. ಕಮರಿ ಬೆಳಿಗ್ಗೆ ಇರಲಿ, ಸರೋವರ ಮಧ್ಯಾಹ್ನಕ್ಕೆ ಹೋಗಲಿ. ದೋಣಿಯಲ್ಲಿ ಕೂತು ತೂಕಡಿಸಿದರೆ ಯಾರಿಗೂ ಏನೂ ಆಗುವುದಿಲ್ಲ.

ಗಂಟೆಯ ಹಾಗೆ ತಿಂಗಳನ್ನೂ ನೋಡಬೇಕು. ನಮ್ಮ ರಜೆಗಳು ಎರಡು. ಏಪ್ರಿಲ್–ಮೇ, ಆಮೇಲೆ ದಸರಾ. ಏಪ್ರಿಲ್–ಮೇ ಅಂದರೆ ಆಲ್ಪ್ಸ್‌ನಲ್ಲಿ ಹಿಮ ಕರಗುವ ಕಾಲ, ಹೊಳೆಗಳು ಮೈದುಂಬಿರುತ್ತವೆ. ದಸರಾ ಅಂದರೆ ಮೆಡಿಟರೇನಿಯನ್ ಕಡೆ ದೊಡ್ಡ ಮಳೆಗಳು ಶುರುವಾಗುವ ಕಾಲ, ದಕ್ಷಿಣ ಫ್ರಾನ್ಸಿನ ಹೊಳೆಗಳು ಗಂಟೆಗಳಲ್ಲಿ ಉಕ್ಕುವುದು ಆಗಲೇ. ಮಕ್ಕಳ ಶಾಲೆಯ ರಜೆ ಬದಲಾಯಿಸಲು ನಿಮ್ಮಿಂದ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವ ರಜೆಗೆ ಯಾವ ಕಮರಿ ಅಂತ ಆರಿಸುವುದು ನಿಮ್ಮ ಕೈಯಲ್ಲೇ ಇದೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿರುವ ಸಮರಿಯಾವನ್ನು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆಯುತ್ತಾರೆ. ಆ ಅವಧಿಯಲ್ಲೂ ಮಳೆಯ ಸೂಚನೆ ಇದ್ದರೆ ಗೇಟು ಹಾಕುತ್ತಾರೆ. ಏಪ್ರಿಲ್ ಪ್ಯಾಕೇಜಿನಲ್ಲಿ ಸಮರಿಯಾದ ಫೋಟೋ ಹಾಕಬೇಡಿ ಸ್ವಾಮಿ.

ಮಳೆಯೇ ಬರಬೇಕು ಅಂತಲೂ ಇಲ್ಲ. ವೆರ್ದೊಂ ಹೊಳೆಗೆ ಕಮರಿಯ ಮೇಲ್ಭಾಗದಲ್ಲಿ ಕಸ್ತಿಯೋಂ, ಶೋದಾನ್ ಅಂತ ಅಣೆಕಟ್ಟುಗಳಿವೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಬಿಸಿಲಿನ ದಿನವೂ ಹೊಳೆ ಏರುತ್ತದೆ. ಹಾಗಂತ ದಡದಲ್ಲಿ ಬೋರ್ಡುಗಳಿವೆ, ಫ್ರೆಂಚಿನಲ್ಲಿ. ನಮ್ಮವರು ಆ ಬೋರ್ಡಿನ ಪಕ್ಕದಲ್ಲೇ ಬಟ್ಟೆ ಬಿಚ್ಚಿಟ್ಟು ನೀರಿಗೆ ಇಳಿಯುತ್ತಾರೆ. 2014ರ ಜೂನ್ 8ರಂದು ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಏನಾಯಿತು ಅಂತ ನೆನಪಿದೆ ಅಲ್ವಾ? ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಬಿಯಾಸ್ ಹೊಳೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರ ಜೊತೆ ಟೂರ್ ಕಡೆಯವನೂ ಹೋದ. ನಮ್ಮ ಪಕ್ಕದೂರಿನ ಮಕ್ಕಳು. ಬೋರ್ಡನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬ ಮನುಷ್ಯ ಬಸ್ಸಿನಲ್ಲಿ ಇರಬೇಕು ಅನ್ನುವುದು ತೀರಾ ದೊಡ್ಡ ಆಸೆಯೇನಲ್ಲ.

ಸರಿ, ಭಯದ ಮಾತು ಸಾಕು. 45 ನಿಮಿಷದಲ್ಲಿ ನೀವು ತಪ್ಪಿಸುತ್ತಿರುವುದು ಏನು ಅಂತಲೂ ಹೇಳಬೇಕಲ್ಲ.

ವಿಂಟ್ಗರ್ ಕಮರಿಯನ್ನು 1891ರಲ್ಲಿ ಗುರುತಿಸಿದವನು ಅಲ್ಲಿನ ಗೋರ್ಯೆ ಊರಿನ ಮುಖ್ಯಸ್ಥ ಯಾಕೊಬ್ ಜುಮೆರ್. ಜೊತೆಗಿದ್ದವನು ನಕ್ಷೆಗಾರ, ಫೋಟೋಗ್ರಾಫರ್ ಬೆನೆಡಿಕ್ಟ್ ಲೆರ್ಗೆಟ್‌ಪೊರರ್. ಎರಡೇ ವರ್ಷದಲ್ಲಿ ಬಂಡೆಗೆ ಮರದ ಹಲಗೆಯ ಅಟ್ಟಣಿಗೆ ಕಟ್ಟಿಸಿ, 1893ರಲ್ಲಿ ಜನರಿಗೆ ತೆರೆದರು. ಆಗಿನ ಕಾಲದಲ್ಲಿ ಇದು ಸಣ್ಣ ಕೆಲಸ ಅಲ್ಲ. 1.6 ಕಿಲೋಮೀಟರ್ ಉದ್ದಕ್ಕೂ ಕಾಲ ಕೆಳಗೆ ರಾದೊವ್ನಾ ಹೊಳೆ, ಎರಡೂ ಕಡೆ ಗೋಡೆ, ಕೊನೆಯಲ್ಲಿ ಶುಮ್ ಜಲಪಾತ. ಈಗ ಅಲ್ಲಿ ಆನ್‌ಲೈನಿನಲ್ಲಿ ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆದುಕೊಳ್ಳಬೇಕು. ತಲೆಗೆ ಹೆಲ್ಮೆಟ್ ಕೊಡುತ್ತಾರೆ, ಮೇಲಿನಿಂದ ಕಲ್ಲು ಉದುರಬಹುದು ಅಂತ. ಕೂದಲು ಕೆಡುತ್ತದೆ, ಫೋಟೋ ಚೆನ್ನಾಗಿ ಬರಲ್ಲ ಅಂತ ಅದನ್ನು ತೆಗೆಯುವವರು ನಮ್ಮವರೇ. ಹೋಗುವುದು ಒಂದು ದಾರಿ, ಬರುವುದು ಕಾಡಿನೊಳಗಿನ ಇನ್ನೊಂದು ದಾರಿ, ನಡುವೆ ತಿರುಗಿ ಬರುವ ಹಾಗಿಲ್ಲ. ಆರಾಮಾಗಿ ನೋಡಲು ಎರಡು ಮೂರು ಗಂಟೆ ಬೇಕೇ ಬೇಕು. 45 ನಿಮಿಷ ಅಂತ ಬರೆದವರು ಅಲ್ಲಿಗೆ ಹೋಗಿಯೇ ಇಲ್ಲ ಅಂತ ನನ್ನ ಅನುಮಾನ.

ಸ್ಲೊವೇನಿಯಾದವರೆಗೆ ಹೋದ ಮೇಲೆ ಸೊಚಾ ಹೊಳೆಯನ್ನು ನೋಡದೆ ಬರುವುದು ಇನ್ನೊಂದು ಅನ್ಯಾಯ. ಟ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದಲ್ಲಿ ಅದು ಬಿಳಿ ಸುಣ್ಣಕಲ್ಲಿನ ನಡುವೆ ಎಲ್ಲೋ ನೀಲಿ, ಎಲ್ಲೋ ಹಸಿರಾಗಿ ಹರಿಯುತ್ತದೆ. ಬಣ್ಣ ಬೆರೆಸಿದ್ದಾರೇನೋ ಅಂತ ನನ್ನ ಪಕ್ಕದ ಸೀಟಿನವರು ಕೇಳಿದರು. ಹೊಳೆಯ ತಳ ಬಿಳಿ, ನೀರಿನಲ್ಲಿ ತೇಲುವ ಸುಣ್ಣದ ಕಣಗಳು ತೀರಾ ಸಣ್ಣವು, ಅವು ನೀಲಿ ಹಸಿರು ಬೆಳಕನ್ನು ಹೆಚ್ಚು ಚದುರಿಸುತ್ತವೆ. ಈ ಎರಡು ವಾಕ್ಯ ಹೇಳಲು ಗೈಡ್ ಭೂವಿಜ್ಞಾನಿ ಆಗಬೇಕಿಲ್ಲ. ಹೇಳಿದರೆ ಇನ್ನೊಂದು ಉಪಯೋಗವೂ ಇದೆ. ಬಣ್ಣ ಯಾಕೆ ಅಂತ ಗೊತ್ತಿದ್ದವರಿಗೆ ಬಣ್ಣ ಕಲಕಿದ್ದೂ ಬೇಗ ಕಣ್ಣಿಗೆ ಬೀಳುತ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಮಣ್ಣಾದರೆ, ಸೌದೆ ಎಲೆ ತೇಲಿ ಬಂದರೆ, ಸದ್ದು ಬದಲಾದರೆ, ಫೋನು ಜೇಬಿಗಿಟ್ಟು ಮೇಲೆ ಹತ್ತಬೇಕು. ನನ್ನ ಜೊತೆಗಿದ್ದವರಿಗೆ ಇದನ್ನು ನಾನೇ ಹೇಳಿದೆ, ಹಳೇ ಚಾಳಿ.

ವೆರ್ದೊಂ ಬಗ್ಗೆ ನನಗೆ ಇನ್ನೊಂದು ಸ್ವಾರ್ಥದ ಪ್ರೀತಿ ಇದೆ. 1905ರಲ್ಲಿ ಗವಿಗಳ ಸಂಶೋಧಕ ಎದುವಾರ್ ಮಾರ್ತೆಲ್ ಆ ಕಮರಿಯ ಒಳಗೆಲ್ಲ ಹೋಗಿ ಬಂದ. ಅವನ ಜೊತೆ ಹೋದವರಲ್ಲಿ ಇಸಿದೋರ್ ಬ್ಲಾಂ ಒಬ್ಬ. ಅವನು ಅಲ್ಲೇ ರುಗೋಂ ಹಳ್ಳಿಯ ಶಾಲಾ ಮೇಷ್ಟ್ರು. ಈಗ ಕಮರಿಯ ಒಳಗಿನ ಹೆಸರಾಂತ ಕಾಲುದಾರಿಗೆ ಇಬ್ಬರ ಹೆಸರೂ ಇದೆ. ಬ್ಲಾಂ–ಮಾರ್ತೆಲ್ ದಾರಿ, ಮೇಷ್ಟ್ರ ಹೆಸರು ಮೊದಲು. ಈ ದಾರಿ ಇಡೀ ದಿನದ್ದು. ಕಬ್ಬಿಣದ ಏಣಿಗಳಿವೆ, ಟಾರ್ಚ್ ಹಿಡಿದು ದಾಟಬೇಕಾದ ಸುರಂಗಗಳಿವೆ. ಎಲ್ಲರನ್ನೂ ಅಲ್ಲಿ ಇಳಿಸಿ ಅಂತ ನಾನು ಹೇಳುತ್ತಿಲ್ಲ. ಮಂಡಿನೋವಿನವರಿಗೆ ಮೇಲಿನ ರಸ್ತೆಯ ಅಂಚಿನಲ್ಲೇ ಪಾಯಿಂಟ್ ಸಬ್ಲಿಮ್‌ನಂಥ ನೋಟದ ಜಾಗಗಳಿವೆ, 1999ರಿಂದ ಮತ್ತೆ ತಂದು ಬಿಟ್ಟ ರಣಹದ್ದುಗಳು ಕಣ್ಣಿನ ಮಟ್ಟದಲ್ಲೇ ತೇಲುತ್ತವೆ. ಅದೂ ಸಾರ್ಥಕದ ದಿನವೇ. ಆದರೆ ಗುಂಪನ್ನು ಎರಡು ಭಾಗ ಮಾಡಿ. ನಡೆಯುವವರಿಗೆ ನಡೆಯಲು ಬಿಡಿ, ಕೂರುವವರಿಗೆ ಕೂರಲು ಜಾಗ ಕೊಡಿ. ಈಗ ಎರಡೂ ಆಗುತ್ತಿಲ್ಲ. ನಡೆಯಬಲ್ಲವರು ವಾಚು ನೋಡುತ್ತಾರೆ, ಆಗದವರು ಮುಜುಗರಕ್ಕೆ ಬಿದ್ದು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂರುತ್ತಾರೆ.

ಮಂಡಿಯ ವಿಷಯ ಬಂತಲ್ಲ. ಸಮರಿಯಾದ ದಾರಿ 16 ಕಿಲೋಮೀಟರ್, ಸುಮಾರು 1,200 ಮೀಟರ್ ಎತ್ತರದಿಂದ ಸಮುದ್ರದವರೆಗೆ ಇಳಿತ. ಇಳಿಯುವುದು ತಾನೇ, ಸುಲಭ ಅಂತ ಮಾರುವವರಿದ್ದಾರೆ. ಅರವತ್ತು ದಾಟಿದ ಮಂಡಿಯನ್ನು ಕೇಳಿ, ಹತ್ತುವುದು ಕಷ್ಟವೋ ಇಳಿಯುವುದು ಕಷ್ಟವೋ ಅಂತ. ಕೊನೆ ಮುಟ್ಟಿದರೆ ಅಲ್ಲಿ ಬಸ್ಸಿಲ್ಲ, ಅಯಾ ರುಮೆಲಿ ಊರಿನಿಂದ ದೋಣಿಯಲ್ಲೇ ಹೊರಡಬೇಕು. ನಡುವೆ ಕಾಲು ಉಳುಕಿದವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಹೊರಗೆ ತರುತ್ತಾರೆ. ಕೇಳಲು ಮಜವಾಗಿದೆ, ಕೂತವರಿಗೆ ಅಲ್ಲ.

ಆದರೆ ಸಮರಿಯಾದಿಂದ ನೀವು ಕದಿಯಬೇಕಾದ ಒಂದು ಪದ್ಧತಿ ಇದೆ. ಒಳಗೆ ಹೋಗುವಾಗ ಕೊಟ್ಟ ಟಿಕೆಟನ್ನು ಹೊರಗೆ ಬರುವಾಗ ತೋರಿಸಬೇಕು. ಒಳಗೆ ಯಾರಾದರೂ ಉಳಿದರಾ ಅಂತ ಕಾವಲುಗಾರರಿಗೆ ಗೊತ್ತಾಗುವುದು ಇದರಿಂದ. ನಮ್ಮ ವಾರಾಂತ್ಯದ ಟ್ರೆಕ್ಕುಗಳಲ್ಲಿ ಒಳಗೆ ಹೋದವರ ಲೆಕ್ಕ ಇರುತ್ತದೆ, ಯಾಕೆಂದರೆ ಅದು ದುಡ್ಡಿನ ಲೆಕ್ಕ. ಹೊರಗೆ ಬಂದವರ ಲೆಕ್ಕ ಬಸ್ಸು ಹೊರಡುವಾಗ 'ಎಲ್ರೂ ಬಂದ್ರಾ?' ಅನ್ನುವ ಒಂದು ಕೂಗು.

ಇಷ್ಟೆಲ್ಲ ಯುರೋಪಿನ ಮಾತಾಯಿತು. ಮನೆ ಹತ್ತಿರದ ಯಾಣ ಕಮರಿ ಅಲ್ಲ, ನಿಜ. ಆದರೆ ಕಲ್ಲು ಸುಣ್ಣಕಲ್ಲೇ, ಕರಿ ಸುಣ್ಣಕಲ್ಲು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಹತ್ತಿರದಲ್ಲೇ ವಿಭೂತಿ ಜಲಪಾತ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಅಂತ ಉತ್ತರ ಕನ್ನಡದಲ್ಲಿ ಹಳೇ ಮಾತಿದೆ. ಕಾಡಿನಲ್ಲಿ ದೂರ ನಡೆದು ಹೋಗಬೇಕಾಗಿದ್ದ ಕಾಲದ್ದು. ಈಗ ರಸ್ತೆಯಾಗಿ ರೊಕ್ಕಿದ್ದವರೂ ಯಾಣಕ್ಕೇ ಬರುತ್ತಾರೆ, ಸೊಕ್ಕನ್ನೂ ಜೊತೆಗೇ ತರುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ರಾತ್ರಿ ಬೆಂಗಳೂರಿನಿಂದ ಹೊರಟು, ನಿದ್ದೆಗೆಟ್ಟ ಹುಡುಗರನ್ನು ಬೆಳಿಗ್ಗೆ ಜಲಪಾತದ ಕೆಳಗಿನ ಗುಂಡಿಗೆ ಇಳಿಸುವ ನಿಮ್ಮ 'ಮಾನ್ಸೂನ್ ಸ್ಪೆಷಲ್' ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಮೇಘಾಲಯದ್ದು ಇನ್ನೊಂದು ಲೆಕ್ಕ. ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,800 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೆಂಗಳೂರಿಗೆ ಸಾವಿರದ ಹತ್ತಿರ. ಅಷ್ಟಕ್ಕೇ ನಮ್ಮ ಸಿಲ್ಕ್ ಬೋರ್ಡ್ ಕೆರೆಯಾಗುತ್ತದೆ. ಅಷ್ಟು ಮಳೆ, ಅಷ್ಟು ಸುಣ್ಣಕಲ್ಲು ಸೇರಿದ ಮೇಲೆ ಗವಿಗಳಿಗೇನು ಬರ? ಜೈಂತಿಯಾ ಬೆಟ್ಟದ ಕ್ರೆಮ್ ಲಿಯಾಟ್ ಪ್ರಾ ಗವಿ 30 ಕಿಲೋಮೀಟರಿಗೂ ಉದ್ದ. ಗಾರೋ ಬೆಟ್ಟದಲ್ಲಿ ಸಿಮ್‌ಸಾಂಗ್ ಹೊಳೆಯ ದಡದಲ್ಲಿ ಸಿಜು ಗವಿ ಇದೆ, ಬಾವಲಿಗಳದ್ದೇ ರಾಜ್ಯ. ಅಲ್ಲಿಗೆ ನವೆಂಬರಿನಿಂದ ಫೆಬ್ರವರಿಯೊಳಗೆ ಕರೆದುಕೊಂಡು ಹೋಗಿ. ಮೇ ರಜೆಯ ಹೊತ್ತಿಗೆ ಅಲ್ಲಿ ಆಗಲೇ ಜೋರು ಮಳೆ ಶುರುವಾಗಿರುತ್ತದೆ.

ಮೇಘಾಲಯದ ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಜೈಂತಿಯಾ ಬೆಟ್ಟಗಳಲ್ಲಿ ಲೂಖಾ ಅಂತ ಒಂದು ಹೊಳೆ. ಚಳಿಗಾಲದಲ್ಲಿ ಅದು ಗಾಢ ನೀಲಿಯಾಗುತ್ತದೆ. ಸೊಚಾದ ಫೋಟೋ ಪಕ್ಕದಲ್ಲಿಟ್ಟರೆ ಇದೇ ಚೆಂದ ಅನ್ನಬಹುದು. ಆದರೆ ಆ ನೀರಿನಲ್ಲಿ ಮೀನು ಸಾಯುತ್ತವೆ. ಕಲ್ಲಿದ್ದಲು ಗಣಿಗಳಿಂದ ಇಳಿದು ಬರುವ ಆಮ್ಲದ ನೀರನ್ನು ಅದಕ್ಕೆ ಮುಖ್ಯ ಕಾರಣವಾಗಿ ಹೇಳುತ್ತಾರೆ. ಅಲ್ಲಿನ ಸುಣ್ಣಕಲ್ಲು ಸಿಮೆಂಟಿಗೂ ಹೋಗುತ್ತದೆ. 'ನೀಲಿ ನದಿ' ಅಂತ ರೀಲ್ಸ್ ಮಾಡಿಸುವ ಮೊದಲು ಅದು ಯಾಕೆ ನೀಲಿ ಅಂತ ನಿಮ್ಮ ಗಿರಾಕಿಗಳಿಗೆ ಹೇಳಿ. ಕೇಳಿದ ಮೇಲೂ ಅವರಿಗೆ ಅಲ್ಲಿ ನಿಂತು ಕುಣಿಯಬೇಕು ಅನಿಸಿದರೆ ಅವರಿಷ್ಟ.

ಈಗ ನಮ್ಮ ಜನರಿಗೂ ಎರಡು ಮಾತು, ತಪ್ಪೆಲ್ಲ ಆಯೋಜಕರದ್ದೇ ಅಲ್ಲ. ಸುಣ್ಣಕಲ್ಲಿನ ಬೆಟ್ಟಕ್ಕೆ ನೀರು ಸೋಸುವ ಶಕ್ತಿ ತೀರಾ ಕಡಿಮೆ. ಮೇಲೆ ಸೋಪು ಹಚ್ಚಿ ತಟ್ಟೆ ತೊಳೆದರೆ, ಬಂಡೆ ಮರೆಯಲ್ಲಿ ಕೂತು ಬಂದರೆ, ಅದು ಗವಿಯ ದಾರಿ ಹಿಡಿದು ಕೆಳಗಿನ ಊರಿನ ಬುಗ್ಗೆಯಲ್ಲಿ ಹಾಗೆಹಾಗೇ ಏಳಬಹುದು. ನಮಗೆ ಕಾವೇರಿ ಹೇಗೋ ಮಾರ್ಸೇ, ತುಲೋಂ ಪಟ್ಟಣಗಳಿಗೆ ವೆರ್ದೊಂ ಹಾಗೆ, ಅದರ ನೀರು ಅವರ ನಲ್ಲಿಗೆ ಹೋಗುತ್ತದೆ. ಪುಳಿಯೋಗರೆ ತಿನ್ನಿ, ಯಾರು ಬೇಡ ಅಂದರು? ನಾನೂ ತಿನ್ನುತ್ತೇನೆ. ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಬನ್ನಿ. ಕಮರಿಯೊಳಗೆ ಸ್ಪೀಕರ್ ಹಚ್ಚಿ ಅಂತ್ಯಾಕ್ಷರಿ ಆಡಿದರೆ ಮೇಲಿನಿಂದ ಉರುಳುವ ಕಲ್ಲಿನ ಸದ್ದೂ ಕೇಳುವುದಿಲ್ಲ, ಏರುವ ನೀರಿನ ಸದ್ದೂ ಕೇಳುವುದಿಲ್ಲ. ಮತ್ತೆ ಚಪ್ಪಲಿ ಬೇಡ. ಸಾವಿರಾರು ಜನ ತುಳಿದು ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಸಾವನದುರ್ಗದ ಬಂಡೆಯ ಹಾಗೆ ಕಾಲನ್ನು ಹಿಡಿದುಕೊಳ್ಳುವುದಿಲ್ಲ.

ನೀವು ಇದಕ್ಕೆ ಏನು ಉತ್ತರ ಕೊಡುತ್ತೀರಿ ಅಂತ ನನಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ನಮ್ಮವರು ರೂಮಿನಿಂದ ಏಳುವುದಿಲ್ಲ. ಪಟ್ಟಿಯಲ್ಲಿ ಜಾಗ ಕಡಿಮೆಯಾದರೆ ಪಕ್ಕದ ಕಂಪನಿಗೆ ಹೋಗುತ್ತಾರೆ. ಕಮರಿ ಮುಚ್ಚಿದರೆ ದುಡ್ಡು ವಾಪಸ್ ಕೇಳುತ್ತಾರೆ. ಮೂರೂ ನಿಜ. ಮೊದಲೆರಡಕ್ಕೆ ಉತ್ತರ ನೀವೇ ಹುಡುಕಿಕೊಳ್ಳಿ, ತಿರುಪತಿಗೆ ಅಂದರೆ ಇದೇ ಜನ ಬೆಳಗಿನ ಜಾವ ಮೂರಕ್ಕೆ ಎದ್ದು ನಿಲ್ಲುತ್ತಾರೆ. ಮೂರನೆಯದು ಮುಖ್ಯ. ಗೇಟಿನಲ್ಲಿ ಮ್ಯಾನೇಜರ್ ವಾದಕ್ಕೆ ನಿಲ್ಲುವುದು ಈ ದುಡ್ಡಿನ ಭಯಕ್ಕೇ. ಮಳೆ, ನೀರಿನ ಕಾರಣಕ್ಕೆ ಕಮರಿ ಮುಚ್ಚಿದರೆ ಬದಲಿಗೆ ಯಾವ ಜಾಗ, ಟಿಕೆಟಿನ ದುಡ್ಡು ಎಷ್ಟು ವಾಪಸ್ ಅಂತ ಬುಕಿಂಗ್ ಹಾಳೆಯಲ್ಲೇ ಮೊದಲೇ ಅಚ್ಚು ಹಾಕಿ. 'ಇವತ್ತು ಬೇಡ' ಅನ್ನುವ ಅಧಿಕಾರವನ್ನು ಆ ಹುಡುಗನಿಗೆ ಬರವಣಿಗೆಯಲ್ಲಿ ಕೊಡಿ. ಹಾಗಂದದ್ದಕ್ಕೆ ಯಾರಾದರೂ ಅವನಿಗೆ ಒಂದು ಸ್ಟಾರ್ ಕೊಟ್ಟರೆ ಅವನ ಸಂಬಳದಲ್ಲಿ ಕಡಿಯಬೇಡಿ.

ಏಪ್ರಿಲ್–ಮೇ ಟೂರುಗಳ ಬುಕಿಂಗ್ ಡಿಸೆಂಬರಿಗೇ ಶುರುವಾಗುತ್ತದೆ. ಈ ಸಲ ದುಡ್ಡು ಕಟ್ಟುವ ಮೊದಲು ಕೌಂಟರಿನಲ್ಲಿ ಕೂತು ಕೇಳುತ್ತೇನೆ. ಕಮರಿಗೆ ಎಷ್ಟು ಗಂಟೆಗೆ ಇಳಿಸುತ್ತೀರಿ, ಎಷ್ಟು ಹೊತ್ತು ಬಿಡುತ್ತೀರಿ, ಆ ದಿನದ ಹವಾಮಾನ ನೋಡುವವರು ಯಾರು, ಮುಚ್ಚಿದರೆ ಏನು ಮಾಡುತ್ತೀರಿ. ನಮ್ಮ ವಾಕಿಂಗ್ ಗುಂಪಿನವರಿಗೂ ಇದೇ ಕೇಳಿ ಅಂತ ಹೇಳಿಕೊಟ್ಟಿದ್ದೇನೆ. ಅವರೆಲ್ಲ ಪೆನ್ಷನ್ ಬರುವವರು, ಟೈಮು ಬೇಕಾದಷ್ಟು ಇದೆ. ಉತ್ತರ ಸಿಗುವವರೆಗೆ ಕೌಂಟರ್ ಬಿಟ್ಟು ಏಳುವುದಿಲ್ಲ.

ಇಂತಿ,
ನಿಮ್ಮ ಹಳೇ ಗಿರಾಕಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಬಸವನಗುಡಿ, ಬೆಂಗಳೂರು